ಮಾಡಿದವನೂ ಮಾಡಿಸಿದವನೂ

ಬಾಲ್ಯದಲ್ಲಿ ಪಾಠಶಾಲೆಯಲ್ಲಿ ವ್ಯಾಕರಣವನ್ನು ಓದುತ್ತಿದ್ದಾಗ ಕಾರಕಪ್ರಕರಣದಲ್ಲಿ ಒಂದು ಸಣ್ಣ ವಿಚಾರ ಬರುತ್ತಿತ್ತು. ಕ್ರಿಯೆಯಲ್ಲಿ ಸ್ವತಂತ್ರನಾದವನು ಕರ್ತೃ. ಹಾಗಾದರೆ ಒಬ್ಬನು ಇನ್ನೊಬ್ಬನಿಂದ ಕೆಲಸವನ್ನು ಮಾಡಿಸಿದಾಗ, ಮಾಡಿಸಿದವನನ್ನು ಏನೆಂದು ಕರೆಯಬೇಕು? ಪಾಣಿನಿಯು ಅವನಿಗೆ ಹೇತುವೆಂದೂ ಹೆಸರಿಟ್ಟನು, ಕರ್ತೃವೆಂದೂ ಹೆಸರಿಟ್ಟನು. ದೇವದತ್ತನು ಅಡಿಗೆ ಮಾಡಿದರೆ ದೇವದತ್ತನು ಕರ್ತೃ. ಯಜ್ಞದತ್ತನು ದೇವದತ್ತನಿಂದ ಅಡಿಗೆ ಮಾಡಿಸಿದರೆ ಯಜ್ಞದತ್ತನೂ ಕರ್ತೃವೇ. ಸೌದೆಯ ಹೊಗೆ ತನ್ನ ಕಣ್ಣಿಗೆ ತಗಲಲಿಲ್ಲವೆಂಬ ಮಾತ್ರಕ್ಕೆ ಅವನ ಕರ್ತೃತ್ವ ಹೋಗುವುದಿಲ್ಲ. ನಮ್ಮ ಕನ್ನಡದಲ್ಲಿಯೂ ‘ಇಸು’ ಎಂಬ ಪ್ರತ್ಯಯವೊಂದನ್ನು ಹತ್ತಿಸಿದರೆ ‘ಮಾಡು’ ಎಂಬುದು ‘ಮಾಡಿಸು’ ಎಂದಾಗುತ್ತದೆ, ‘ಹೊಡೆ’ ಎಂಬುದು ‘ಹೊಡೆಯಿಸು’ ಎಂದಾಗುತ್ತದೆ. ಆ ಕಾಲದಲ್ಲಿ ಇದನ್ನು ರೂಪಸಿದ್ಧಿಯ ವಿಷಯವೆಂದು ಮಾತ್ರ ಬಾಯಿಪಾಠ ಮಾಡಿದೆನು. ಇದರೊಳಗೆ ಧರ್ಮಶಾಸ್ತ್ರದ ದೊಡ್ಡದೊಂದು ಪ್ರಶ್ನೆ ಅಡಗಿದೆಯೆಂಬುದು ಹೊಳೆದದ್ದು ಬಹುಕಾಲದ ಮೇಲೆ.

ಆ ಪ್ರಶ್ನೆ ಇದು. ತನ್ನ ನೆಲದಲ್ಲಿ ತನ್ನ ಕಾನೂನೇ ನಿಷೇಧಿಸಿರುವ ಕ್ರೌರ್ಯವನ್ನು ಒಂದು ರಾಜ್ಯವು ಪರದೇಶದಲ್ಲಿ ಪರರ ಕೈಯಿಂದ ನಡೆಯಿಸಿದರೆ, ಆ ಕ್ರೌರ್ಯಕ್ಕೆ ಉತ್ತರ ಹೇಳತಕ್ಕವರು ಯಾರು? ಸಾಮಾನ್ಯ ರೂಪದಲ್ಲಿ ಕೇಳಿದರೆ ‘ಮಾಡಿಸಿದವರೇ’ ಎಂದು ಎಲ್ಲರೂ ಹೇಳುತ್ತಾರೆ. ವಿಶೇಷಕ್ಕೆ ಬಂದಾಗ ನಾಲಗೆ ತಡವರಿಸುತ್ತದೆ. ಆದುದರಿಂದ ನಡೆದ ಸಂಗತಿಯೊಂದನ್ನು ಎದುರಿಗಿಟ್ಟುಕೊಂಡೇ ವಿಚಾರ ಮಾಡೋಣ.

ಮಾಹೇರ್ ಅರಾರ್ ಎಂಬಾತನು ಸಿರಿಯ ದೇಶದಲ್ಲಿ ಹುಟ್ಟಿ, ೧೯೮೭ರಲ್ಲಿ ಕೆನಡಕ್ಕೆ ಹೋಗಿ ನೆಲಸಿ, ಅಲ್ಲಿಯ ಪೌರನಾಗಿ, ಇಂಜಿನಿಯರನ ವೃತ್ತಿಯಿಂದ ಹೆಂಡತಿ ಮಕ್ಕಳೊಡನೆ ಸಂಸಾರ ನಡೆಸುತ್ತಿದ್ದನು. ೨೦೦೧ನೆಯ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಲೆ ನಡೆದ ಘೋರವಾದ ಆಕ್ರಮಣದ ತರುವಾಯ ಎಲ್ಲೆಡೆಯೂ ಸಂದೇಹದ ಗಾಳಿ ಬೀಸುತ್ತಿದ್ದ ಕಾಲ. ೨೦೦೨ನೆಯ ಸೆಪ್ಟೆಂಬರ್ ೨೬ರಂದು ಟ್ಯುನೀಸಿಯದಿಂದ ಊರಿಗೆ ಹಿಂದಿರುಗುತ್ತ, ವಿಮಾನವನ್ನು ಬದಲಾಯಿಸುವುದಕ್ಕಾಗಿ ಅವನು ನ್ಯೂಯಾರ್ಕಿನಲ್ಲಿ ಇಳಿದನು. ಅಮೆರಿಕದ ಅಧಿಕಾರಿಗಳು ಅವನನ್ನು ಅಲ್ಲಿಯೇ ತಡೆದರು. ಕೆನಡದ ಪೋಲೀಸರು ಅವನ ವಿಷಯದಲ್ಲಿ ಅವರಿಗೆ ಮೊದಲೇ ಕಳುಹಿಸಿದ್ದ ತಪ್ಪು ವರ್ತಮಾನಗಳು ಈ ಸಂದೇಹಕ್ಕೆ ಆಧಾರವಾಗಿದ್ದಿರಬೇಕೆಂದು ಮುಂದೆ ವಿಚಾರಣೆಯಲ್ಲಿ ತಿಳಿದುಬಂತು. ತನ್ನನ್ನು ಕೆನಡಕ್ಕೆ ಕಳುಹಿಸಿರೆಂದು ಅವನು ಬೇಡಿಕೊಂಡನು. ಅವರು ಕಳುಹಿಸಿದ್ದು ಜೋರ್ಡನ್ ಮಾರ್ಗವಾಗಿ ಸಿರಿಯಕ್ಕೆ. ಅಲ್ಲಿಯ ರಾಜಧಾನಿಯಾದ ಡಮಾಸ್ಕಸಿನಲ್ಲಿ, ಮೂರಡಿ ಅಗಲ, ಆರಡಿ ಉದ್ದ, ಏಳಡಿ ಎತ್ತರವಿದ್ದ ಕತ್ತಲೆಯ ಕೋಣೆಯೊಂದರಲ್ಲಿ ಅವನು ಹತ್ತು ತಿಂಗಳಿಗೂ ಮಿಕ್ಕು ಕಳೆದನು. ಅದನ್ನು ಗೋರಿಯೆಂದೇ ಅವನು ಕರೆದಿದ್ದಾನೆ. ಮೊದಲ ದಿನಗಳಲ್ಲಿ ವಿದ್ಯುತ್ತಿನ ತಂತಿಯ ಹುರಿಯಿಂದ ಹೊಡೆದರು. ಹೊಡೆತವನ್ನು ತಡೆಯಲಾರದೆ, ತಾನು ಎಂದೂ ಹೋಗದ ಆಫ್ಘಾನಿಸ್ತಾನದಲ್ಲಿ ಯುದ್ಧಶಿಕ್ಷಣ ಪಡೆದೆನೆಂದು ಒಪ್ಪಿಕೊಂಡೆನೆಂದು ಅವನೇ ಬಿಡುಗಡೆಯಾದಮೇಲೆ ತಿಳಿಸಿದನು. ೨೦೦೩ನೆಯ ಅಕ್ಟೋಬರಿನಲ್ಲಿ ಯಾವ ಅಪರಾಧವನ್ನೂ ಹೊರಿಸದೆ ಸಿರಿಯದವರು ಅವನನ್ನು ಬಿಟ್ಟರು.

ಇಲ್ಲಿ ತಂತಿಯನ್ನು ಹಿಡಿದ ಕೈ ಸಿರಿಯದ್ದು. ಕಳುಹಿಸಿದ ಆಜ್ಞೆ ಅಮೆರಿಕದ್ದು. ಸಂದೇಹಕ್ಕೆ ಬೀಜವನ್ನಿತ್ತ ಕಾಗದ ಕೆನಡದ್ದು. ಮೂವರಲ್ಲಿ ಕರ್ತೃ ಯಾರು?

ಇಂಥ ಪ್ರಸಂಗಗಳಲ್ಲಿ ಸರ್ಕಾರಗಳು ಹೇಳುವ ಸಮಾಧಾನಗಳನ್ನು ಮೂರಾಗಿ ವಿಂಗಡಿಸಬಹುದು. ಕೈ ನಮ್ಮದಲ್ಲ ಎಂಬುದು ಮೊದಲನೆಯದು. ದೇಶ ನಮ್ಮದಲ್ಲ ಎಂಬುದು ಎರಡನೆಯದು. ಕಾಲ ಆಪತ್ಕಾಲ ಎಂಬುದು ಮೂರನೆಯದು. ಇವು ಒಂದೊಂದೂ ಎಷ್ಟು ಭಾರವನ್ನು ಹೊರಬಲ್ಲವೆಂಬುದನ್ನು ನೋಡತಕ್ಕದ್ದು.

ಕೈ ನಮ್ಮದಲ್ಲ ಎಂಬ ಮಾತಿಗೆ ಆಪಸ್ತಂಬರು ತಮ್ಮ ಧರ್ಮಸೂತ್ರದಲ್ಲಿ ಎಂದೋ ಉತ್ತರ ಕೊಟ್ಟಿದ್ದಾರೆ. ಮಾಡಿಸಿದವನು, ಅನುಮತಿಯಿತ್ತವನು, ಮಾಡಿದವನು ಈ ಮೂವರೂ ಕರ್ಮದ ಫಲದಲ್ಲಿ, ಅದು ಸ್ವರ್ಗವಾಗಲಿ ನರಕವಾಗಲಿ, ಭಾಗಿಗಳೆಂದು ಅವರ ಮತ. ಇಷ್ಟಕ್ಕೇ ನಿಲ್ಲಿಸದೆ, ಯಾರ ಪ್ರಯತ್ನ ಹೆಚ್ಚೋ ಅವರ ಪಾಲೂ ಹೆಚ್ಚೆಂದು ಸೇರಿಸಿದ್ದಾರೆ. ಸಿರಿಯದಲ್ಲಿ ಚಿತ್ರಹಿಂಸೆ ನಡೆಯುತ್ತದೆಂಬುದು ಅಮೆರಿಕಕ್ಕೆ ತಿಳಿಯದ ರಹಸ್ಯವಾಗಿರಲಿಲ್ಲ. ಅದರ ವಿದೇಶಾಂಗ ಇಲಾಖೆಯೇ ವರ್ಷವರ್ಷವೂ ಪ್ರಕಟಿಸುತ್ತಿದ್ದ ವರದಿಗಳಲ್ಲಿ ಆ ದೇಶದ ಸೆರೆಮನೆಗಳ ಹಿಂಸೆಯನ್ನು ಬರೆದಿತ್ತು. ಹಿಂಸಿಸುವುದಿಲ್ಲವೆಂದು ಸಿರಿಯ ತಮಗೆ ಭರವಸೆಯಿತ್ತಿತ್ತೆಂದು ಅಧಿಕಾರಿಗಳು ಆಮೇಲೆ ಹೇಳಿದರು. ಬೆಕ್ಕಿನಿಂದ ವಚನ ತೆಗೆದುಕೊಂಡು ಹಾಲಿನ ಪಾತ್ರೆಯನ್ನು ಅದರ ಮುಂದಿಟ್ಟವನು, ಹಾಲು ಹೋದಮೇಲೆ ಬೆಕ್ಕಿನ ವಚನಭಂಗವನ್ನು ದೂರಿದರೆ ಕೇಳಿದವರು ನಗುತ್ತಾರೆ. ಇಲ್ಲಿ ಹೋದದ್ದು ಹಾಲಲ್ಲವಾದುದರಿಂದ ನಗುವಂತೆಯೂ ಇಲ್ಲ.

ಈ ಜಾಣತನ ಹೊಸದಲ್ಲ. ಈಸ್ಟ್ ಇಂಡಿಯಾ ಕಂಪೆನಿಯ ಕಾಲದಲ್ಲಿ ಮದರಾಸು ಆಧಿಪತ್ಯದೊಳಗೆ ಕಂದಾಯ ವಸೂಲಿಗಾಗಿ ರೈತರನ್ನು ಹಿಂಸಿಸುತ್ತಾರೆಂಬ ವಿಷಯ ೧೮೫೪ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಚರ್ಚೆಗೆ ಬಂದು, ವಿಚಾರಣೆಗೆ ಒಂದು ಮಂಡಲಿ ನೇಮಕವಾಯಿತು. ನಮ್ಮ ಬಳ್ಳಾರಿಯೂ ಕೆನರಾ ಜಿಲ್ಲೆಯೂ ಆಗ ಆ ಆಧಿಪತ್ಯಕ್ಕೆ ಸೇರಿದ್ದುವು. ಮಂಡಲಿಯು ೧೮೫೫ರಲ್ಲಿ ಒಪ್ಪಿಸಿದ ವರದಿಯಲ್ಲಿ ಹಿಂಸೆ ನಡೆಯುತ್ತಿದ್ದುದು ನಿಜವೆಂದು ಒಪ್ಪಿತು. ಬೆರಳುಗಳನ್ನು ಅದುಮುವ ಕಿಟ್ಟಿ, ಮೈಯನ್ನು ಬಗ್ಗಿಸಿ ಕಟ್ಟಿ ಬಿಸಿಲಿನಲ್ಲಿ ನಿಲ್ಲಿಸುವುದು ಮೊದಲಾದ ಕ್ರಮಗಳು ಅದರಲ್ಲಿ ಹೇಳಲ್ಪಟ್ಟಿವೆ. ಆದರೆ ದೋಷದ ಹೊರೆಯೆಲ್ಲ ಬಿದ್ದದ್ದು ಕೆಳಗಿನ ದೇಶೀಯ ನೌಕರರ ಮೇಲೆ. ಮೇಲಿನ ಐರೋಪ್ಯ ಅಧಿಕಾರಿಗಳು ಇದಕ್ಕೆ ಸಮ್ಮತಿಯಿತ್ತವರಲ್ಲವೆಂದು ಮಂಡಲಿ ತೀರ್ಮಾನಿಸಿತು. ಆ ಕೈಗಳು ನಮ್ಮವರವೇ ಎಂಬುದನ್ನು ನಾವು ಮರೆಮಾಚಬಾರದು; ನಾಚಿಕೆಪಡಬೇಕು. ಆದರೂ ವಸೂಲಾದ ಹಣವು ಕಿಟ್ಟಿಯನ್ನು ಹಿಡಿದವನ ಮನೆಯಲ್ಲಿ ಉಳಿಯಲಿಲ್ಲ, ಕಂಪೆನಿಯ ಬೊಕ್ಕಸಕ್ಕೆ ಹೋಯಿತು. ಲಾಭವನ್ನು ಮೇಲಕ್ಕೆ ಸಾಗಿಸಿ ಪಾಪವನ್ನು ಕೆಳಗೇ ಬಿಡುವ ಏರ್ಪಾಡು ಎಲ್ಲಿ ಕಂಡುಬಂದರೂ ಅಲ್ಲಿ ‘ಕೈ ನಮ್ಮದಲ್ಲ’ ಎಂಬ ಮಾತು ಸಿದ್ಧವಾಗಿರುತ್ತದೆ.

ಇನ್ನು ದೇಶ ನಮ್ಮದಲ್ಲ ಎಂಬುದು. ರಾಜನ ಆಜ್ಞೆಗೆ ಎಲ್ಲೆಯುಂಟು, ನೋವಿಗೆ ಎಲ್ಲೆಯಿಲ್ಲ. ಡಮಾಸ್ಕಸಿನಲ್ಲಿ ಬಿದ್ದ ಪೆಟ್ಟು ನ್ಯೂಯಾರ್ಕಿನಲ್ಲಿ ಬಿದ್ದಿದ್ದರೆ ಆಗುತ್ತಿದ್ದ ನೋವಿಗಿಂತ ಕಡಮೆಯಾದುದೇನೂ ಅಲ್ಲ. ವಿಶ್ವಸಂಸ್ಥೆಯು ೧೯೪೮ರಲ್ಲಿ ಸಾರಿದ ಮಾನವ ಹಕ್ಕುಗಳ ಘೋಷಣೆಯಲ್ಲಿ ಯಾರನ್ನೂ ಚಿತ್ರಹಿಂಸೆಗೆ ಗುರಿಮಾಡಬಾರದೆಂಬುದು ಐದನೆಯ ವಿಧಿಯಾಗಿದೆ. ೧೯೮೪ರಲ್ಲಿ ಅಂಗೀಕೃತವಾದ ಚಿತ್ರಹಿಂಸಾ ವಿರೋಧ ಒಪ್ಪಂದವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಿಂಸೆಗೆ ಗುರಿಯಾಗುವನೆಂದು ನಂಬಲು ಬಲವಾದ ಕಾರಣಗಳಿರುವ ದೇಶಕ್ಕೆ ಯಾರನ್ನೂ ಕಳುಹಿಸಕೂಡದೆಂದು ಮೂರನೆಯ ವಿಧಿಯಲ್ಲಿ ಕಟ್ಟುಮಾಡಿತು. ಅಂದರೆ ನಮ್ಮ ವೈಯಾಕರಣರು ‘ಮಾಡಿಸು’ ಎಂಬ ಕ್ರಿಯೆಯಲ್ಲಿ ಕಂಡ ಕರ್ತೃವನ್ನು ಲೋಕದ ಕಾನೂನು ಕೊನೆಗೆ ತಾನೂ ಕಂಡಿತೆನ್ನಬೇಕು.

ಮೂರನೆಯದಾದ ಆಪತ್ಕಾಲದ ವಾದವೇ ಪ್ರಬಲವಾದುದು. ಅದನ್ನು ಹಗುರಾಗಿ ತಳ್ಳಿಹಾಕಬಾರದು. ಒಬ್ಬನ ಬಾಯಿ ಬಿಡಿಸಿದರೆ ಸಾವಿರ ಜನರ ಪ್ರಾಣ ಉಳಿಯುವಂತಿದ್ದರೆ ಏನು ಮಾಡುತ್ತೀರಿ ಎಂದು ಕೇಳುವವರಿದ್ದಾರೆ; ಅವರೆಲ್ಲರೂ ಕ್ರೂರಿಗಳಲ್ಲ. ನಮ್ಮ ಪ್ರಾಚೀನರೂ ಈ ವಿಷಯದಲ್ಲಿ ನಿಷ್ಕಳಂಕರೆಂದು ನಾನು ಹೇಳಲಾರೆನು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ದೋಷಿಯೆಂದು ಬಲವಾಗಿ ತೋರಿಬಂದವನನ್ನು ಹಿಂಸೆಯಿಂದ ವಿಚಾರಿಸುವ ಕ್ರಮಗಳು ವಿವರವಾಗಿಯೇ ಹೇಳಲ್ಪಟ್ಟಿವೆ. ಆದರೆ ಅದೇ ಪ್ರಕರಣದಲ್ಲಿ ಅವನು ಅಣಿಮಾಂಡವ್ಯನನ್ನು ನೆನೆಯುತ್ತಾನೆ: ಕಳ್ಳನಲ್ಲದಿದ್ದರೂ ಹಿಂಸೆಯ ಭಯದಿಂದ ತಾನು ಕಳ್ಳನೆಂದು ಒಪ್ಪಿಕೊಂಡವನು ಅವನು; ಆದುದರಿಂದ ಬೇರೆ ಪ್ರಮಾಣದಿಂದ ಸಿದ್ಧವಾಗದೆ ಶಿಕ್ಷಿಸಬಾರದೆಂದು ಎಚ್ಚರಿಸುತ್ತಾನೆ. ರಾಜನೀತಿಯಲ್ಲಿ ಯಾವ ದಾಕ್ಷಿಣ್ಯವನ್ನೂ ಇಟ್ಟುಕೊಳ್ಳದ ಕೌಟಿಲ್ಯನಿಗೂ, ನೋವು ಸತ್ಯವನ್ನು ಹೇಳಿಸುವುದಿಲ್ಲ, ನೋವನ್ನು ನಿಲ್ಲಿಸುವ ಮಾತನ್ನು ಹೇಳಿಸುತ್ತದೆ ಎಂಬುದು ತಿಳಿದಿತ್ತು.

ಇದು ಪುರಾಣದ ಮಾತೆಂದು ಕಡೆಗಣಿಸುವವರು ನಮ್ಮ ಕಾಲದ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಇಬ್ನ್ ಅಲ್‌ಶೇಖ್ ಅಲ್‌ಲೀಬಿ ಎಂಬ ಸೆರೆಯಾಳನ್ನು ಅಮೆರಿಕದವರು ೨೦೦೨ರಲ್ಲಿ ಈಜಿಪ್ಟಿಗೆ ಸಾಗಿಸಿದರು. ಅಲ್ಲಿ ವಿಚಾರಣೆಗೊಳಗಾದಾಗ ಅವನು, ಇರಾಕ್ ದೇಶವು ಅಲ್‌ಖೈದಾ ಪಂಗಡಕ್ಕೆ ವಿಷಾಸ್ತ್ರಗಳ ಶಿಕ್ಷಣವನ್ನು ಕೊಟ್ಟಿತೆಂದು ಹೇಳಿದನು. ೨೦೦೩ನೆಯ ಫೆಬ್ರವರಿ ೫ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಕಾಲಿನ್ ಪವೆಲ್ಲರು ಭದ್ರತಾ ಸಮಿತಿಯ ಮುಂದೆ ಯುದ್ಧದ ಕಾರಣಗಳನ್ನು ವಿವರಿಸಿದಾಗ ಈ ಮಾತೂ ಅವುಗಳಲ್ಲಿ ಸೇರಿತ್ತು. ಮಾರ್ಚ್ ತಿಂಗಳಿನಲ್ಲಿ ಯುದ್ಧ ಮೊದಲಾಯಿತು. ೨೦೦೪ರಲ್ಲಿ ಆ ಸೆರೆಯಾಳು ತನ್ನ ಹೇಳಿಕೆಯನ್ನು ಹಿಂದಕ್ಕೆ ತೆಗೆದುಕೊಂಡು, ಹಿಂಸೆಯಿಂದ ಪಾರಾಗುವುದಕ್ಕಾಗಿ ಹಾಗೆ ಹೇಳಿದೆನೆಂದನು. ಸಾವಿರ ಪ್ರಾಣಗಳನ್ನು ಉಳಿಸುವುದಕ್ಕೆಂದು ಸಮರ್ಥಿಸಲ್ಪಡುವ ಸಾಧನವು ಇಲ್ಲಿ ಅಸಂಖ್ಯಾತ ಪ್ರಾಣಗಳನ್ನು ತೆಗೆದ ಯುದ್ಧಕ್ಕೆ ಒಂದು ಸೌದೆಯಾಯಿತು.

ಇದಲ್ಲದೆ ಆಪದ್ಧರ್ಮವೆಂಬುದಕ್ಕೂ ಒಂದು ನಿಯಮವುಂಟು. ಆಪತ್ತಿನಲ್ಲಿ ಧರ್ಮವನ್ನು ಮೀರಿದವನು ‘ಮೀರಿದೆನು’ ಎಂದು ಒಪ್ಪಿ, ಆಪತ್ತು ಕಳೆದಮೇಲೆ ಪ್ರಾಯಶ್ಚಿತ್ತಕ್ಕೆ ನಿಲ್ಲಬೇಕು. ಮಾಡಿದುದನ್ನು ಮುಚ್ಚಿಡುತ್ತಲೇ ಆಪದ್ಧರ್ಮವೆಂಬ ಹೆಸರನ್ನು ಹೇಳುವುದು ಸಲ್ಲದು. ಮುಚ್ಚಿಡಲ್ಪಟ್ಟಮೇಲೆ ಅದು ಆಪದ್ಧರ್ಮವಲ್ಲ, ಬರಿಯ ಅಧರ್ಮ.

ಇಷ್ಟನ್ನು ಬರೆಯುವುದಕ್ಕೆ ನನಗೇನು ಅಧಿಕಾರವೆಂದು ವಾಚಕರು ಕೇಳಬಹುದು. ನನ್ನ ಅಧಿಕಾರ ಬಹು ಸಣ್ಣದು. ಅದು ಒಂದು ತಪ್ಪಿನಿಂದ ಬಂದದ್ದು. ಸುಮಾರು ಮೂವತ್ತೈದು ವರ್ಷಗಳ ಹಿಂದೆ, ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಪ್ರವಾಸಕ್ಕೆಂದು ಹುಡುಗರಿಂದ ಕೂಡಿಸಿದ್ದ ಹಣ ಕಾಣೆಯಾಯಿತು. ಒಬ್ಬ ಹುಡುಗನ ಮೇಲೆ ಎಲ್ಲರಿಗೂ ಸಂದೇಹ. ಅವನು ಬಡವನೆಂಬುದನ್ನು ಬಿಟ್ಟರೆ ಬೇರೆ ಸಾಕ್ಷ್ಯವಿರಲಿಲ್ಲ. ಮಕ್ಕಳಿಗೆ ಹೊಡೆಯದ ಮೇಷ್ಟರೆಂದು ನನಗೊಂದು ಹೆಸರಿತ್ತು. ಆ ಹೆಸರು ನನಗೆ ಪ್ರಿಯವಾಗಿತ್ತು. ಅದೇ ಶಾಲೆಯಲ್ಲಿ ಕೈ ಬಿರುಸಾದ ಇನ್ನೊಬ್ಬ ಉಪಾಧ್ಯಾಯರಿದ್ದರು. ‘ಸ್ವಲ್ಪ ವಿಚಾರಿಸಿ ನೋಡಿ’ ಎಂದು ಹೇಳಿ ಹುಡುಗನನ್ನು ಅವರ ಬಳಿಗೆ ಕಳುಹಿಸಿದೆನು. ನಾನು ಹೇಳಿದ್ದು ಅಷ್ಟೇ. ಅರ್ಧ ಗಂಟೆಯಾದಮೇಲೆ ಹುಡುಗನು ಒಪ್ಪಿಕೊಂಡನೆಂದು ವರ್ತಮಾನ ಬಂತು. ಹಣವನ್ನು ಎಲ್ಲಿಟ್ಟೆಯೆಂದು ಕೇಳಿದರೆ ಮೂರು ಸಲ ಮೂರು ಜಾಗಗಳನ್ನು ಹೇಳಿದನಂತೆ. ಮೂರನೆಯ ದಿನ ಆ ಹಣದ ಲಕೋಟೆ ನಮ್ಮ ಮನೆಯಲ್ಲಿ, ನಾನು ಓದುತ್ತಿದ್ದ ಪುಸ್ತಕದೊಳಗೆ, ನಾನೇ ಇಟ್ಟ ಜಾಗದಲ್ಲಿ ಸಿಕ್ಕಿತು.

ಹುಡುಗನನ್ನು ಒಬ್ಬನನ್ನೇ ಕರೆದು ‘ತಪ್ಪಾಯಿತಪ್ಪ’ ಎಂದೆನು. ಒಂದು ಲೇಖನಿಯನ್ನು ಕೊಟ್ಟೆನು. ಅವನು ತೆಗೆದುಕೊಂಡು ಏನೂ ಹೇಳದೆ ಹೋದನು. ತರಗತಿಯ ಮುಂದೆ ನಿಂತು, ‘ಹಣವನ್ನು ಮರೆತಿಟ್ಟವನು ನಾನು, ಇವನನ್ನು ಹೊಡೆಯಿಸಿದವನೂ ನಾನು’ ಎಂದು ಹೇಳಲಿಲ್ಲ. ಹೇಳಿದ್ದರೆ ಅರ್ಧ ನಿಮಿಷವೂ ಹಿಡಿಯುತ್ತಿರಲಿಲ್ಲ. ಹಣ ಸಿಕ್ಕಿತೆಂದು ಮಾತ್ರ ತಿಳಿಸಿದೆನು. ಅವನೇ ತಂದಿಟ್ಟನೆಂದು ಹುಡುಗರು ಭಾವಿಸಿದರು. ಆ ವರ್ಷದ ಕೊನೆಗೆ ಅವನು ಶಾಲೆಯನ್ನು ಬಿಟ್ಟನು. ‘ತಪ್ಪಾಯಿತು’ ಎಂಬುದಕ್ಕೂ ‘ತಪ್ಪು ಮಾಡಿದೆನು’ ಎಂಬುದಕ್ಕೂ ಇರುವ ಅಂತರವನ್ನು ನಾನು ತರಗತಿಯಲ್ಲಿ ಕರ್ತೃ, ಕರ್ಮ, ಕ್ರಿಯಾಪದಗಳ ಲೆಕ್ಕದಲ್ಲಿ ಎಷ್ಟೋ ವರ್ಷ ಬೋಧಿಸಿದ್ದೇನೆ. ಮೊದಲನೆಯ ವಾಕ್ಯದಲ್ಲಿ ತಪ್ಪಿದೆ, ಮಾಡಿದವನಿಲ್ಲ.

ಈ ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡು ಅರಾರನ ಕಥೆಯ ಉತ್ತರಾರ್ಧವನ್ನು ನೋಡಬೇಕು. ಅವನ ಹೆಂಡತಿ ಮೋನಿಯಾ ಮಾಜಿಗ್ ಎಂಬಾಕೆ ಗಂಡನ ಬಿಡುಗಡೆಗಾಗಿ ಧೈರ್ಯದಿಂದ ಹೋರಾಡಿದಳು. ಕೆನಡ ಸರ್ಕಾರವು ಮೊದಲು ಮೌನವಾಗಿದ್ದು, ಜನರ ಒತ್ತಾಯದಿಂದ ನ್ಯಾಯಾಧೀಶರಾದ ಡೆನಿಸ್ ಓಕಾನರ್ ಎಂಬವರ ಅಧ್ಯಕ್ಷತೆಯಲ್ಲಿ ಬಹಿರಂಗ ವಿಚಾರಣೆಯನ್ನು ಏರ್ಪಡಿಸಿತು. ೨೦೦೬ನೆಯ ಸೆಪ್ಟೆಂಬರಿನಲ್ಲಿ ಹೊರಬಂದ ವರದಿಯು, ಅರಾರನು ಯಾವ ಅಪರಾಧವನ್ನು ಮಾಡಿದನೆಂಬುದಕ್ಕೂ ಆಧಾರವಿಲ್ಲವೆಂದು ಸ್ಪಷ್ಟವಾಗಿ ಹೇಳಿತು. ಪೋಲೀಸರು ತಪ್ಪು ವರ್ತಮಾನ ಕೊಟ್ಟುದನ್ನೂ, ಅವನು ಹಿಂದಿರುಗಿದಮೇಲೆ ಅಧಿಕಾರಿಗಳು ಅವನ ಮಾನಕ್ಕೆ ಕುಂದು ತರುವ ಸುದ್ದಿಗಳನ್ನು ಪತ್ರಿಕೆಗಳಿಗೆ ಸೋರಬಿಟ್ಟುದನ್ನೂ ಬಯಲಿಗಿಟ್ಟಿತು. ಪೋಲೀಸಿನ ಮುಖ್ಯಾಧಿಕಾರಿಯು ಆ ವರ್ಷದ ಡಿಸೆಂಬರಿನಲ್ಲಿ ಪದವಿಯನ್ನು ಬಿಟ್ಟನು. ೨೦೦೭ನೆಯ ಜನವರಿಯಲ್ಲಿ ಪ್ರಧಾನಮಂತ್ರಿ ಸ್ಟೀಫನ್ ಹಾರ್ಪರ್ ಅವರು ಸರ್ಕಾರದ ಪರವಾಗಿ ಬಹಿರಂಗವಾಗಿ ಕ್ಷಮೆ ಬೇಡಿ, ೧ ಕೋಟಿ ೫ ಲಕ್ಷ ಕೆನಡ ಡಾಲರುಗಳ ಪರಿಹಾರವನ್ನು ಪ್ರಕಟಿಸಿದರು. ಹಣದಿಂದ ಕಳೆದ ವರ್ಷ ಮರಳಿ ಬರಲಿಲ್ಲ. ಆದರೆ ವಾಕ್ಯಕ್ಕೆ ಕರ್ತೃ ದೊರಕಿದನು.

ಅವನನ್ನು ಕಳುಹಿಸಿದ ದೇಶದಲ್ಲಿ ನಡೆದದ್ದು ಬೇರೆ. ಅರಾರನು ಅಮೆರಿಕದ ಅಧಿಕಾರಿಗಳ ಮೇಲೆ ಹೂಡಿದ ವ್ಯಾಜ್ಯವನ್ನು ನ್ಯಾಯಾಲಯಗಳು ತಳ್ಳಿಹಾಕಿದುವು. ೨೦೦೯ರ ಮೇಲ್ಮನವಿಯ ತೀರ್ಪಿನಲ್ಲಿ ಬಹುಮತದ ನ್ಯಾಯಾಧೀಶರ ಅಭಿಪ್ರಾಯವೇನೆಂದರೆ, ದೇಶದ ಭದ್ರತೆಯೂ ವಿದೇಶಾಂಗ ನೀತಿಯೂ ಸೇರಿರುವ ಇಂಥ ವಿಷಯದಲ್ಲಿ, ಶಾಸನಸಭೆಯು ಮಾರ್ಗವನ್ನು ಮಾಡಿಕೊಡದೆ ನ್ಯಾಯಾಲಯವು ತಾನಾಗಿ ಪರಿಹಾರದ ದಾರಿಯನ್ನು ನಿರ್ಮಿಸಕೂಡದು ಎಂಬುದು. ೨೦೧೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮೊಕದ್ದಮೆಯನ್ನು ಕೈಗೆತ್ತಿಕೊಳ್ಳಲೊಲ್ಲದೆ ಹೋಯಿತು. ೨೦೧೫ರಲ್ಲಿ ಕೆನಡದ ಪೋಲೀಸರು ಅವನನ್ನು ಹಿಂಸಿಸಿದನೆಂದು ಸಿರಿಯದ ಸೈನ್ಯಾಧಿಕಾರಿಯೊಬ್ಬನ ಮೇಲೆ ಆಪಾದನೆ ಹೊರಿಸಿದರು. ೨೦೨೪ನೆಯ ಡಿಸೆಂಬರಿನಲ್ಲಿ ಅಸಾದರ ಆಳಿಕೆಯೇ ಅಳಿದು ಅಲ್ಲಿಯ ಸೆರೆಮನೆಗಳ ಬಾಗಿಲು ತೆರೆಯಿತು. ಹೊಡೆದವರ ಹೆಸರು ಲೋಕಕ್ಕೆ ತಿಳಿಯಿತು. ಹೊಡೆಯುವವರ ಕೈಗೆ ಒಪ್ಪಿಸಿದವರು ಯಾವ ನ್ಯಾಯಾಸನದ ಮುಂದೆಯೂ ಉತ್ತರ ಹೇಳಲಿಲ್ಲ. ಆ ದೇಶವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ತಮ್ಮ ಗೂಢಚಾರ ಸಂಸ್ಥೆಯ ವಿಚಾರಣಾಕ್ರಮಗಳನ್ನು ಕುರಿತು ೬,೭೦೦ಕ್ಕೂ ಮಿಕ್ಕ ಪುಟಗಳ ವರದಿಯನ್ನು ಬರೆದು, ೨೦೧೪ರಲ್ಲಿ ಅದರ ಸಂಗ್ರಹವನ್ನು ಪ್ರಕಟಿಸಿದ್ದು ಅಮೆರಿಕದ ಸೆನೆಟ್ ಸಭೆಯ ಸಮಿತಿಯೇ. ಕೇಳುವವರು ಅಲ್ಲಿಯೂ ಇದ್ದಾರೆ.

ಒಳನಾಡಿನ ಆಡಳಿತಕ್ಕಿಂತ ವಿದೇಶಾಂಗ ನೀತಿಯಲ್ಲಿ ಈ ಕೇಳುವಿಕೆ ಏಕೆ ಹೆಚ್ಚು ಅವಶ್ಯವೆಂಬುದೂ ಇದರಿಂದ ತಿಳಿಯುತ್ತದೆ. ಊರಿನ ಕೆರೆ ಒಡೆದರೆ ನೀರು ನಮ್ಮ ಗದ್ದೆಗೇ ನುಗ್ಗುತ್ತದೆ. ನಾವೇ ಹೋಗಿ ಅಮಲ್ದಾರರ ಬಾಗಿಲನ್ನು ತಟ್ಟುತ್ತೇವೆ. ಪರದೇಶದಲ್ಲಿ ನಡೆದ ಅನ್ಯಾಯಕ್ಕೆ ಗುರಿಯಾದವನಿಗೆ ನಮ್ಮಲ್ಲಿ ಮತವಿಲ್ಲ, ಬಂಧುವಿಲ್ಲ, ಬಾಗಿಲೂ ಇಲ್ಲ. ರಹಸ್ಯವೆಂದು ಸರ್ಕಾರ ಹೇಳುತ್ತದೆ. ದೂರವೆಂದು ನಾವು ಸುಮ್ಮನಾಗುತ್ತೇವೆ. ರಹಸ್ಯವು ಕೆಲವು ಕಾಲ, ಕೆಲವು ವಿಷಯಗಳಲ್ಲಿ ಬೇಕಾಗಬಹುದು. ಆದರೆ ಕಾಲ ಕಳೆದಮೇಲೂ ತೆರೆಯದ ರಹಸ್ಯವು ದೇಶವನ್ನು ಕಾಯುವುದಿಲ್ಲ, ಅಧಿಕಾರಿಯನ್ನು ಕಾಯುತ್ತದೆ.

ನಮ್ಮ ಮನೆಯ ಮಾತನ್ನೂ ಹೇಳಿಬಿಡುವುದು ನ್ಯಾಯ. ಮೇಲೆ ಹೇಳಿದ ಚಿತ್ರಹಿಂಸಾ ವಿರೋಧ ಒಪ್ಪಂದಕ್ಕೆ ಭಾರತವು ೧೯೯೭ನೆಯ ಅಕ್ಟೋಬರಿನಲ್ಲಿ ಸಹಿ ಹಾಕಿತು. ಅದನ್ನು ಸ್ಥಿರೀಕರಿಸುವ ಕಾರ್ಯ ಇನ್ನೂ ನಡೆದಿಲ್ಲ. ೨೦೧೦ರಲ್ಲಿ ಇದಕ್ಕಾಗಿ ಒಂದು ಮಸೂದೆಯು ಲೋಕಸಭೆಯಲ್ಲಿ ಅಂಗೀಕೃತವಾಗಿ, ರಾಜ್ಯಸಭೆಯಲ್ಲಿ ಪರಿಶೀಲನೆಗೆ ಹೋಗಿ, ಶಾಸನವಾಗದೆಯೇ ಉಳಿಯಿತು. ೨೦೧೭ರಲ್ಲಿ ಕಾನೂನು ಆಯೋಗವು ತನ್ನ ೨೭೩ನೆಯ ವರದಿಯಲ್ಲಿ ಒಪ್ಪಂದವನ್ನು ಸ್ಥಿರೀಕರಿಸಬೇಕೆಂದು ಶಿಫಾರಸು ಮಾಡಿತು. ಕೊಟ್ಟ ಮಾತಿಗೂ ಕಟ್ಟಿಕೊಂಡ ನಿಯಮಕ್ಕೂ ನಡುವೆ ಇಷ್ಟು ವರ್ಷ ನಿಂತಿರುವ ನಾವು ಪರರ ತಪ್ಪನ್ನು ಎಣಿಸುವಾಗ ಧ್ವನಿಯನ್ನು ತಗ್ಗಿಸುವುದು ಲೇಸು. ಆಪಸ್ತಂಬರ ಲೆಕ್ಕದಲ್ಲಿ ಮಾಡಿದವನು, ಮಾಡಿಸಿದವನು ಇವರಿಬ್ಬರ ಜೊತೆಗೆ ಮೂರನೆಯವನೊಬ್ಬನಿದ್ದನಷ್ಟೆ: ಅನುಮತಿಯಿತ್ತವನು. ಪ್ರಜಾರಾಜ್ಯದಲ್ಲಿ ಪತ್ರಿಕೆಯನ್ನು ಓದಿ, ತಿಳಿದು, ಮಡಿಸಿಟ್ಟು, ಏನನ್ನೂ ಕೇಳದಿರುವ ಪ್ರಜೆಯು ಆ ಮೂರನೆಯವನಿಗೆ ಬಹು ದೂರದಲ್ಲಿಲ್ಲ.

ಮಾಂಡವ್ಯನ ಕಥೆಯನ್ನು ಮಹಾಭಾರತದಲ್ಲಿ ಮುಂದೆಯೂ ಹೇಳಿದೆ. ಕಳ್ಳರ ಜೊತೆಗಾರನೆಂದು ತಿಳಿದು ಅವನನ್ನು ಶೂಲಕ್ಕೇರಿಸಿದ ರಾಜನು, ನಿಜ ತಿಳಿದೊಡನೆ ತಾನೇ ಬಂದು, ಋಷಿಯ ಮುಂದೆ ತಲೆಬಾಗಿ ಕ್ಷಮೆ ಬೇಡಿದನು. ಶೂಲವನ್ನು ಕೀಳಿಸಲು ನೋಡಿದನು, ಬರಲಿಲ್ಲ. ಕೊನೆಗೆ ಹೊರಗಿನ ಭಾಗವನ್ನು ಕತ್ತರಿಸಿದರು. ಒಳಗಿನ ತುಂಡು ಹಾಗೆಯೇ ಉಳಿದು, ಅವನಿಗೆ ಅಣಿಮಾಂಡವ್ಯನೆಂದು ಹೆಸರಾಯಿತು. ಋಷಿಯು ರಾಜನನ್ನು ಶಪಿಸಲಿಲ್ಲ. ಅವನು ಹೋದದ್ದು ಯಮಧರ್ಮನ ಸಭೆಗೆ. ಯಾವ ತಪ್ಪಿಗೆ ಈ ಶಿಕ್ಷೆಯೆಂದು ಕೇಳಿದನು. ಬಾಲ್ಯದ ಅಲ್ಪದೋಷಕ್ಕೆ ಇಷ್ಟು ದೊಡ್ಡ ದಂಡವೆಂದು ತಿಳಿದಾಗ, ಲೋಕದ ನ್ಯಾಯಾಧಿಪತಿಯಾದ ಧರ್ಮನನ್ನೇ ಮನುಷ್ಯನಾಗಿ ಹುಟ್ಟೆಂದು ಶಪಿಸಿದನು. ಸತ್ತವರೆಲ್ಲರಿಗೂ ತೀರ್ಪು ಹೇಳುವ ಧರ್ಮನೂ ಕೇಳಿದಾಗ ಉತ್ತರ ಕೊಡಬೇಕಾಯಿತು. ಹೀಗಿರಲು ಐದು ವರ್ಷಕ್ಕೊಮ್ಮೆ ನಮ್ಮ ಬಾಗಿಲಿಗೆ ಬರುವ ಸರ್ಕಾರಗಳು ತಮಗೆ ಆ ಹೊಣೆಯಿಲ್ಲವೆಂದು ಹೇಗೆ ಹೇಳಬಲ್ಲವು?

ನನ್ನ ಶಾಲೆಯನ್ನು ಬಿಟ್ಟು ಹೋದ ಆ ಹುಡುಗನು ಈಗ ನಡುವಯಸ್ಸು ದಾಟಿದವನಾಗಿರಬೇಕು. ಅವನ ಮೈಯಲ್ಲಿಯೂ ಒಂದು ತುಂಡು ಉಳಿದಿರಬಹುದು. ಅದನ್ನು ತೆಗೆಯಲು ನನಗೆ ಸಾಧ್ಯವಿಲ್ಲ. ಅಂದು ತರಗತಿಯಲ್ಲಿ ಹೇಳದೆ ಹೋದ ವಾಕ್ಯವನ್ನು, ತಡವಾಗಿಯಾದರೂ ಹತ್ತು ಜನರು ಓದುವ ಈ ಪತ್ರಿಕೆಯಲ್ಲಿ, ಕರ್ತೃಸಹಿತವಾಗಿ ಬರೆದಿಟ್ಟಿದ್ದೇನೆ.